ತೋಟದ ಮನೆಗೆ ದೊಡ್ಡ ಕಾವಲು ನಾಯಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಮಂಜೇಶ್ವರ ಕಡೆಯವರು ಫೋನಿನಲ್ಲಿ, ಪತ್ರದಲ್ಲಿ, ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತು ಕೇಳಿದ ಪ್ರಶ್ನೆಗಳಿವು. ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ. ಹೆಚ್ಚಿನವು ರಾಟ್‌ವೈಲರ್ ಬಗ್ಗೆ, ಏಕೆಂದರೆ ಈಗ ನಮ್ಮ ಕಡೆ ಎಲ್ಲರಿಗೂ ಬೇಕಾದದ್ದು ಅದೇ. ಗ್ರೇಟ್ ಡೇನ್, ಡಾಬರ್‌ಮನ್, ಕೇನ್ ಕೋರ್ಸೊ ಸಾಕುವವರಿಗೂ ಬಹುಪಾಲು ಹೊಂದುತ್ತದೆ.

## ತರುವ ಮೊದಲು

ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವುದು. ಒಂದು ರಾಟ್‌ವೈಲರ್ ಮರಿ ತಂದುಕೊಟ್ಟರೆ ಧೈರ್ಯ ಅಲ್ವಾ?

ಬೆಂಗಳೂರಿನಿಂದ, ಗಲ್ಫಿನಿಂದ ಬರುವ ಪ್ರಶ್ನೆ ಇದು. ಬೇಡ ಅನ್ನುತ್ತೇನೆ. ಬೆಳೆದ ಗಂಡು ರಾಟ್‌ವೈಲರ್ 50ರಿಂದ 60 ಕಿಲೋ ತೂಗುತ್ತದೆ. ಬೆಕ್ಕು ನೋಡಿ ಅದು ಒಮ್ಮೆ ಎಳೆದರೆ ಎಪ್ಪತ್ತು ದಾಟಿದವರು ಅಂಗಳದ ಮುರಕಲ್ಲಿನ ಮೇಲೆ ಬೀಳುತ್ತಾರೆ. ಸೊಂಟದ ಮೂಳೆ ಮುರಿದರೆ ಕಳ್ಳ ಬಂದದ್ದಕ್ಕಿಂತ ದೊಡ್ಡ ನಷ್ಟ. ಮರಿ ಅಂದರೆ ಎರಡು ವರ್ಷ ದಿನಾ ಕೆಲಸ ಬೇರೆ.

ಅವರಿಗೆ ಬೇಕಾದದ್ದು ಯಾರಾದರೂ ಬಂದರೆ ತಿಳಿಯುವುದು. ಅದನ್ನು ಒಂದು ಒಳ್ಳೆಯ ಊರುನಾಯಿ ಮಾಡುತ್ತದೆ, ಖರ್ಚೂ ಕಡಿಮೆ. ದೊಡ್ಡ ಜಾತಿಯೇ ಬೇಕು ಅಂತಾದರೆ ಮರಿ ಬಿಡಿ. ಮೂರು ನಾಲ್ಕು ವರ್ಷದ, ಸ್ವಭಾವ ಗೊತ್ತಿರುವ, ಮನೆಯೊಳಗೆ ಬೆಳೆದ ಹೆಣ್ಣು ನಾಯಿ ಸಿಗುತ್ತದಾ ಹುಡುಕಿ. ಅದರ ಜೊತೆ ನೀವು ಸ್ವಲ್ಪ ದಿನ ಊರಲ್ಲಿ ಇರಬೇಕಾಗುತ್ತದೆ.

ನಮ್ಮ ಸೆಕೆಗೆ ಯಾವ ಜಾತಿ ಆಗ್ತದೆ?

ನಮ್ಮದು ಬರೀ ಬಿಸಿಲಲ್ಲ, ತೇವದ ಸೆಕೆ. ನಾಯಿ ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಟ್ಟು ಮೈ ತಣಿಸಿಕೊಳ್ಳುತ್ತದೆ. ಗಾಳಿಯಲ್ಲೇ ತೇವ ತುಂಬಿದ್ದರೆ ಆ ಉಪಾಯ ಸರಿಯಾಗಿ ನಡೆಯುವುದಿಲ್ಲ. ಹಾಗಾಗಿ ದಪ್ಪ ಕೂದಲಿನ ಕಕೇಶಿಯನ್ ಶೆಫರ್ಡ್, ಸೇಂಟ್ ಬರ್ನಾರ್ಡ್ ಇಲ್ಲಿಗೆ ತರುವುದು ಅನ್ಯಾಯ. ಮೋಟು ಮೂತಿಯ ಬುಲ್‌ಮಾಸ್ಟಿಫ್, ಫ್ರೆಂಚ್ ಮಾಸ್ಟಿಫ್‌ಗಳೂ ಮಾರ್ಚ್‌ನಿಂದ ಮೇ ತನಕ ಒದ್ದಾಡುತ್ತವೆ.

ರಾಟ್‌ವೈಲರ್, ಡಾಬರ್‌ಮನ್ ನೆರಳು, ನೀರು, ಫ್ಯಾನ್ ಇದ್ದರೆ ಹೊಂದಿಕೊಳ್ಳುತ್ತವೆ. ತಮಿಳುನಾಡಿನ ಕೊಂಬೈ, ರಾಜಪಾಳಯಂ ಬಗ್ಗೆ ಯಾರೂ ಕೇಳುವುದೇ ಇಲ್ಲ, ಅದೇ ನನಗೆ ಬೇಜಾರು. ಇದೇ ಬಿಸಿಲಿನಲ್ಲಿ ಹುಟ್ಟಿದ ನಾಯಿಗಳು. ರಾಜಪಾಳಯಂ ತರುವುದಾದರೆ ಕಿವಿ ಕೇಳುತ್ತದಾ ಅಂತ ಪರೀಕ್ಷಿಸಿ. ಆ ಬಿಳಿ ಜಾತಿಯಲ್ಲಿ ಹುಟ್ಟು ಕಿವುಡು ಉಂಟು. ಮುಧೋಳ ಓಟದ ಬೇಟೆನಾಯಿ. ಗೇಟು ಕಾಯುವುದು ಅದರ ಕಸುಬಲ್ಲ.

ಕುರಿ ಕಾಯುವ ಕಂಗಾಲ್ ಭಾರೀ ಶಕ್ತಿಯ ನಾಯಿಯಂತೆ, ಅದು ತಂದರೆ ಹೇಗೆ?

ಕಂಗಾಲ್ ಟರ್ಕಿಯ ಬಯಲಿನಲ್ಲಿ ಮಂದೆಯ ಜೊತೆ ಇದ್ದು ತೋಳ ಓಡಿಸುವ ನಾಯಿ. ಯಜಮಾನ ಹತ್ತಿರ ಇಲ್ಲದಾಗಲೂ ತಾನೇ ತೀರ್ಮಾನ ಮಾಡುವ ಹಾಗೆ ಅದನ್ನು ಬೆಳೆಸಿದ್ದಾರೆ. ರಾಟ್‌ವೈಲರ್ ಜರ್ಮನಿಯ ರಾಟ್‌ವೈಲ್ ಪಟ್ಟಣದಲ್ಲಿ ದನ ಹೊಡೆಯುತ್ತಾ, ಕೈಗಾಡಿ ಎಳೆಯುತ್ತಾ ಬೆಳೆದದ್ದು. ಅದು ಮನುಷ್ಯನ ಮುಖ ನೋಡಿ ಕೆಲಸ ಮಾಡುತ್ತದೆ. ಹತ್ತು ಸೆಂಟ್ಸಿನ ಮನೆಗೆ, ದಿನಾ ಹಾಲಿನವ, ಮೀನಿನವ, ಕೆಲಸದವರು ಬರುವ ಜಾಗಕ್ಕೆ, ಸ್ವಂತ ತೀರ್ಮಾನ ತೆಗೆದುಕೊಳ್ಳುವ ನಾಯಿ ಬೇಡ.

ರಾಟ್‌ವೈಲರ್ ಬ್ಯಾನ್ ಆಗಿದೆ ಅಂತಾರಲ್ಲ?

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ರಾಜ್ಯಗಳಿಗೆ ಒಂದು ಪತ್ರ ಬರೆಯಿತು. ಇಪ್ಪತ್ತಕ್ಕೂ ಹೆಚ್ಚು ಜಾತಿಗಳ ಮಾರಾಟ, ತಳಿ ಮಾಡುವುದು, ಸಾಕುವುದು ನಿಲ್ಲಿಸಿ ಅಂತ. ರಾಟ್‌ವೈಲರ್, ಕೇನ್ ಕೋರ್ಸೊ, ಕಂಗಾಲ್ ಎಲ್ಲ ಆ ಪಟ್ಟಿಯಲ್ಲಿದ್ದವು. ಅದೇ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ನಾವಿರುವುದು ಕೇರಳದಲ್ಲಿ, ಹಾಗಾಗಿ ತರುವ ಮೊದಲು ನಿಮ್ಮ ಪಂಚಾಯತಿನಲ್ಲೋ ನಗರಸಭೆಯಲ್ಲೋ ಒಮ್ಮೆ ಕೇಳಿಯೇ ಬಿಡಿ. ಮಾರುವವನ ಮಾತು ನಂಬಬೇಡಿ.

ನಾಯಿಗೂ ಲೈಸೆನ್ಸ್ ಬೇಕಾ? ಇಲ್ಲಿ ಯಾರೂ ಮಾಡಿಸಿದ್ದು ನೋಡಿಲ್ಲ.

ಬೇಕು. ಕೇರಳದಲ್ಲಿ ಹಂದಿ ಮತ್ತು ನಾಯಿಗಳ ಲೈಸೆನ್ಸ್‌ಗೆ 1998ರ ಪಂಚಾಯತ್ ನಿಯಮಗಳೇ ಇವೆ. ರೇಬೀಸ್ ಲಸಿಕೆಯ ಸರ್ಟಿಫಿಕೇಟ್ ತೋರಿಸಬೇಕು. ಪಕ್ಕದ ಮನೆಯವರು ಮಾಡಿಸದಿದ್ದರೆ ಅದು ಅವರ ತಲೆನೋವು. ನಾಳೆ ನಿಮ್ಮ ನಾಯಿ ಯಾರಿಗಾದರೂ ಹಲ್ಲು ತಾಗಿಸಿದರೆ ಮೊದಲು ಕೇಳುವ ಕಾಗದ ಇದೇ.

ಮರಿ ನೋಡಲು ಹೋದಾಗ ಎಂತ ನೋಡಬೇಕು? ಕೆಸಿಐ ಪೇಪರ್ ಇದ್ದರೆ ಸಾಕಲ್ಲ?

ಕೆಸಿಐ ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾ. ಅದರ ಪೇಪರ್ ಹೇಳುವುದು ಅಪ್ಪ ಅಮ್ಮ ಯಾರು ಅಂತ ಮಾತ್ರ. ಸ್ವಭಾವ, ಆರೋಗ್ಯ ಅದರಲ್ಲಿ ಬರೆದಿರುವುದಿಲ್ಲ. ನೀವು ನೋಡಬೇಕಾದದ್ದು ತಾಯಿಯನ್ನು. ತಾಯಿ ನಿಮ್ಮನ್ನು ನೋಡಿ ಬೊಗಳಲಿ, ತೊಂದರೆ ಇಲ್ಲ. ಯಜಮಾನ ಬಂದು ಸಾಕು ಅಂದ ಮೇಲೆ ಸುಮ್ಮನಾಗುತ್ತದಾ? ಮೂಲೆಗೆ ಹೋಗಿ ನಡುಗುತ್ತದಾ? ನಡುಗುವ ತಾಯಿಯ ಮರಿ ಬೇಡ. ಹೆದರಿದ ದೊಡ್ಡ ನಾಯಿಯೇ ಕಚ್ಚುವುದು. ತಾಯಿಯನ್ನು ತೋರಿಸುವುದಿಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ ತೆಗೆಸಿದ್ದೀರಾ ಅಂತ ಕೇಳಿ. ಹೆಚ್ಚಿನವರು ನಗುತ್ತಾರೆ, ಆದರೂ ಕೇಳಿ. ಹಿಪ್ ಡಿಸ್ಪ್ಲೇಸಿಯಾ ಅನ್ನುವ ಸೊಂಟದ ಕೀಲಿನ ತೊಂದರೆ ದೊಡ್ಡ ಜಾತಿಗಳಲ್ಲಿ ವಂಶದಿಂದ ಬರುತ್ತದೆ. ಎಂಟು ವಾರ ಆಗದ ಮರಿಯನ್ನು ಮಾರಬಾರದು ಅಂತ 2017ರ ಕೇಂದ್ರ ನಿಯಮವೇ ಇದೆ. 35 ದಿನದ ಮರಿ ಕೊಡುತ್ತೇನೆ ಅನ್ನುವವನಿಗೆ ಮರಿಯ ಚಿಂತೆ ಇಲ್ಲ, ಹಾಲು ಪುಡಿ ಉಳಿಸುವ ಚಿಂತೆ. ತಾಯಿ, ಒಡಹುಟ್ಟಿದವರ ಜೊತೆ ಆಡುತ್ತಾ ಎಷ್ಟು ಗಟ್ಟಿಯಾಗಿ ಕಚ್ಚಬಾರದು ಅಂತ ಮರಿ ಕಲಿಯುವುದು ಆ ಕೊನೆಯ ವಾರಗಳಲ್ಲೇ.

ಗಂಡೋ ಹೆಣ್ಣೋ?

ಮೊದಲ ಸಲ ಸಾಕುವವರಿಗೆ ಹೆಣ್ಣು. ತೂಕ ಕಡಿಮೆ, ಹಿಡಿಯುವುದು ಸುಲಭ, ಕಾವಲಿನಲ್ಲಿ ಏನೂ ಕಡಿಮೆ ಇಲ್ಲ.

## ಮರಿ ಮನೆಗೆ ಬಂದ ಮೇಲೆ

ಬೇಗ ದೊಡ್ಡದಾಗಲು ಕ್ಯಾಲ್ಸಿಯಂ ಕೊಡಬೇಕಾ?

ಬೇಗ ದೊಡ್ಡದಾಗುವುದೇ ಬೇಡ. ದೊಡ್ಡ ಜಾತಿಯ ಮರಿಯ ಮೂಳೆ ಗಟ್ಟಿಯಾಗುವುದಕ್ಕಿಂತ ಬೇಗ ತೂಕ ಬಂದರೆ ಕೀಲು ಹಾಳಾಗುತ್ತದೆ. ಆರು ತಿಂಗಳ ಒಳಗಿನ ಮರಿಯ ಕರುಳು ಹೆಚ್ಚಾದ ಕ್ಯಾಲ್ಸಿಯಂ ಅನ್ನು ತಡೆಯುವುದಿಲ್ಲ, ಕೊಟ್ಟಷ್ಟೂ ಒಳಗೆ ಸೇರುತ್ತದೆ. ಅದರಿಂದ ಮೂಳೆ ಸೊಟ್ಟಗೆ ಬೆಳೆಯುತ್ತದೆ. ಪೇಟೆಯ ಮರಿ ಆಹಾರ ತಿನ್ನುವ ನಾಯಿಗೆ ಕ್ಯಾಲ್ಸಿಯಂ ಸಿರಪ್ ಸೇರಿಸುವುದು ನಮ್ಮೂರಲ್ಲಿ ನಾನು ನೋಡುವ ಅತಿ ಸಾಮಾನ್ಯ ತಪ್ಪು, ಅದೂ ಪ್ರೀತಿಯಿಂದ ಮಾಡುವ ತಪ್ಪು.

ಚೀಲದ ಮೇಲೆ ದೊಡ್ಡ ಜಾತಿಯ ಮರಿಗಳಿಗೆ ಅಂತ ಬರೆದದ್ದನ್ನೇ ತನ್ನಿ. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣಬಾರದು, ಕೈಯಾಡಿಸಿದರೆ ಸುಲಭವಾಗಿ ಸಿಗಬೇಕು. ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಗುಂಡಗಿನ ಮರಿ ಫೋಟೋಗೆ ಚಂದ, ಸೊಂಟಕ್ಕೆ ಅಲ್ಲ.

ನಮ್ಮದು ಸಸ್ಯಾಹಾರಿ ಮನೆ. ಅನ್ನ ಮೊಸರಲ್ಲಿ ಸಾಕಲಿಕ್ಕೆ ಆಗ್ತದಾ?

ಊರುನಾಯಿ ಅನ್ನ ಮೊಸರಲ್ಲಿ ಬದುಕಿದ್ದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಅದು ತೋಟದಲ್ಲಿ ಇಲಿ, ಮಿಡತೆ, ಪಕ್ಕದ ಮನೆಯ ಮೀನಿನ ತಲೆ ಎಲ್ಲ ತಿಂದು ಲೆಕ್ಕ ಸರಿ ಮಾಡಿಕೊಳ್ಳುತ್ತಿತ್ತು. ಕಾಂಪೌಂಡಿನೊಳಗಿನ ರಾಟ್‌ವೈಲರ್‌ಗೆ ಆ ದಾರಿ ಇಲ್ಲ. ಬೆಳೆಯುವ ಎರಡು ವರ್ಷ ಬರೀ ಅನ್ನ ಮೊಸರು ಸಾಲುವುದೇ ಇಲ್ಲ, ಪ್ರೋಟೀನ್ ಕಡಿಮೆ ಬೀಳುತ್ತದೆ, ಸುಣ್ಣ ರಂಜಕದ ಲೆಕ್ಕ ತಪ್ಪುತ್ತದೆ.

ಹೆಚ್ಚಿನ ಮನೆಗಳಲ್ಲಿ ಆಗುವ ರಾಜಿ ಇದು. ಅಡುಗೆಮನೆಗೆ ಮಾಂಸ ಬರುವುದಿಲ್ಲ, ಚೀಲದ ಒಣ ಆಹಾರ ಹೊರಗಿನ ಕೋಣೆಯಲ್ಲಿ ಡಬ್ಬದಲ್ಲಿ ಇರುತ್ತದೆ. ಅಜ್ಜಿಯಂದಿರೂ ಇದಕ್ಕೆ ಒಪ್ಪಿದ್ದನ್ನು ನೋಡಿದ್ದೇನೆ. ಇದೂ ಆಗುವುದಿಲ್ಲ ಅಂದರೆ ದೊಡ್ಡ ಜಾತಿ ಬೇಡ.

ಮೀನು ತಿನ್ನುವ ಮನೆಯಾದರೆ ಬೇಯಿಸಿದ ಬೂತಾಯಿ, ಮೊಟ್ಟೆ, ಕೋಳಿ ಎಲ್ಲ ಒಳ್ಳೆಯದು. ಬೇಯಿಸಿದ ಕೋಳಿ ಮೂಳೆ ಕೊಡಬೇಡಿ, ಚೂಪಾಗಿ ಒಡೆದು ಕರುಳಿಗೆ ಚುಚ್ಚುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಪಾಯಸ ಉಳಿಯಿತು ಅಂತ ಸುರಿಯಬೇಡಿ, ಅದರಲ್ಲಿ ಒಣದ್ರಾಕ್ಷಿ ಇರುತ್ತದೆ.

ಲಸಿಕೆ ಯಾವಾಗ ಯಾವಾಗ?

ಆರರಿಂದ ಎಂಟು ವಾರಕ್ಕೆ ಶುರು. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ಆಗುವ ತನಕ. ಮಧ್ಯದಲ್ಲಿ ಬಿಡಬೇಡಿ. ತಾಯಿ ಹಾಲಿನಿಂದ ಬಂದ ರಕ್ಷಣೆ ಇರುವಷ್ಟು ದಿನ ಲಸಿಕೆ ಪೂರ್ತಿ ಹಿಡಿಯುವುದಿಲ್ಲ, ಆ ರಕ್ಷಣೆ ಯಾವ ದಿನ ಇಳಿಯುತ್ತದೆ ಅಂತ ಹೊರಗಿಂದ ತಿಳಿಯುವುದೂ ಇಲ್ಲ. ಅದಕ್ಕೇ ಮತ್ತೆ ಮತ್ತೆ ಕೊಡುವುದು. ವಾಂತಿ, ರಕ್ತಭೇದಿ ತರುವ ಪಾರ್ವೊ ವೈರಸ್ ಬಂದರೆ ರಾಟ್‌ವೈಲರ್ ಮತ್ತು ಡಾಬರ್‌ಮನ್ ಮರಿಗಳಿಗೆ ಬೇರೆಯವಕ್ಕಿಂತ ಕಷ್ಟ ಜಾಸ್ತಿ. ರೇಬೀಸ್ ಮೂರು ತಿಂಗಳಿಗೆ, ಆಮೇಲೆ ವರ್ಷ ವರ್ಷ.

ನಮ್ಮ ಕಡೆ ಇಲಿಜ್ವರದ್ದೂ ಬೇಕೇ ಬೇಕು. ತೋಟದ ಕಣಿಯ ನೀರು, ಇಲಿ ಮೂತ್ರ, ಮಳೆಗಾಲ, ಎಲ್ಲ ಸೇರಿದ ಜಾಗ ನಮ್ಮದು. ನಾಯಿಗೆ ಬಂದ ಇಲಿಜ್ವರ ನಾಯಿಯ ಮೂತ್ರದಿಂದ ಮನೆಯವರಿಗೂ ಬರಬಹುದು.

ಹೊರಗಿನವರ ಜೊತೆ ಅಭ್ಯಾಸ ಮಾಡಿಸಿದರೆ ಕಾವಲು ಹೋಗಿಬಿಡುವುದಿಲ್ವಾ?

ಇಲ್ಲ. ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು, ಎಲ್ಲಕ್ಕಿಂತ ಜಾಸ್ತಿ ನಾಯಿಗಳನ್ನು ಹಾಳು ಮಾಡಿದ ನಂಬಿಕೆಯೂ ಇದೇ. ಕಾವಲು ಈ ಜಾತಿಗಳ ರಕ್ತದಲ್ಲೇ ಇದೆ. ಒಂದೂವರೆ ಎರಡು ವರ್ಷಕ್ಕೆ ಅದು ತಾನಾಗಿಯೇ ಎದ್ದು ಬರುತ್ತದೆ, ಯಾರೂ ಕಲಿಸಬೇಕಾಗಿಲ್ಲ. ನಾವು ಕಲಿಸಬೇಕಾದದ್ದು ಯಾವುದು ಮಾಮೂಲು ಅನ್ನುವುದನ್ನು. ಮಾಮೂಲು ಗೊತ್ತಿರುವ ನಾಯಿಗೆ ಮಾತ್ರ ಮಾಮೂಲಲ್ಲದ್ದು ಗೊತ್ತಾಗುತ್ತದೆ. ಯಾರನ್ನೂ ನೋಡದೆ ಬೆಳೆದ ನಾಯಿಗೆ ಪೋಸ್ಟ್‌ಮ್ಯಾನ್, ಕಳ್ಳ, ನಿಮ್ಮ ಮಗನ ಹೆಂಡತಿ ಎಲ್ಲರೂ ಒಂದೇ.

ಮರಿಯ ಮನಸ್ಸು ತೆರೆದಿರುವುದು ಸುಮಾರು ಮೂರನೇ ವಾರದಿಂದ ಹದಿನಾಲ್ಕನೇ ವಾರದ ತನಕ. ನಿಮ್ಮ ಕೈಗೆ ಬರುವಾಗಲೇ ಅರ್ಧ ಮುಗಿದಿರುತ್ತದೆ. ಲಸಿಕೆ ಪೂರ್ತಿ ಆಗಿಲ್ಲ ಅಂತ ನಾಲ್ಕು ತಿಂಗಳು ಮನೆಯೊಳಗೇ ಇಟ್ಟರೆ ಬಾಗಿಲು ಮುಚ್ಚಿದ ಹಾಗೆ. ಬೀದಿನಾಯಿ ಓಡಾಡುವ ನೆಲದ ಮೇಲೆ ಬಿಡಬೇಡಿ. ಆದರೆ ಎತ್ತಿಕೊಂಡು ಹೋಗಿ. ಬಸ್ ಸ್ಟ್ಯಾಂಡ್ ಬದಿಯಲ್ಲಿ ಕಾರಿನೊಳಗೆ ಕೂತು ತೋರಿಸಿ. ಹೆಲ್ಮೆಟ್ ಹಾಕಿದವರು, ಕೊಡೆ ಬಿಚ್ಚುವವರು, ಬುರ್ಖಾ ಹಾಕಿದವರು, ಮುಂಡು ಎತ್ತಿ ಕಟ್ಟಿದವರು, ತಲೆಮೇಲೆ ಹುಲ್ಲಿನ ಹೊರೆ ಹೊತ್ತವರು, ಪ್ಲಾಸ್ಟಿಕ್ ಕೊಪ್ಪೆ ಸೂಡಿಕೊಂಡು ಮದ್ದು ಬಿಡುವವರು, ಹುಲ್ಲು ಕತ್ತರಿಸುವ ಮೆಷಿನಿನ ಶಬ್ದ. ಒಂದೊಂದನ್ನೂ ದೂರದಿಂದ ನೋಡಲಿ, ನೋಡುವಾಗ ಬಾಯಿಗೆ ಒಂದು ಚೂರು ತಿಂಡಿ. ಎಲ್ಲರೂ ಮುಟ್ಟಿ ಮುದ್ದು ಮಾಡಬೇಕಾಗಿಲ್ಲ. ನೋಡಿ ಸುಮ್ಮನಿರಲು ಬಂದರೆ ಸಾಕು.

ಮಾತು ಕಲಿಸುವುದು ಯಾವ ಭಾಷೆಯಲ್ಲಿ? ಇಂಗ್ಲಿಷೇ ಆಗಬೇಕಾ?

ನಾಯಿಗೆ ಭಾಷೆ ಇಲ್ಲ, ಶಬ್ದ ಇದೆ. ನಮ್ಮ ಮನೆಗಳಲ್ಲಿ ಅಜ್ಜಿ ತುಳು, ಮಕ್ಕಳು ಕನ್ನಡ, ಕೆಲಸದವರು ಮಲಯಾಳ, ಈಗ ಹಿಂದಿಯೂ ಸೇರಿದೆ. ಒಬ್ಬರು ಕನ್ನಡದಲ್ಲಿ ಇರು ಅಂದರೆ ಅಲ್ಲೇ ನಿಲ್ಲಬೇಕು, ಇನ್ನೊಬ್ಬರು ಮಲಯಾಳದಲ್ಲಿ ಇರಿ ಅಂದರೆ ಕೂತುಕೊಳ್ಳಬೇಕು. ಪಾಪ, ಅದು ಎಂತ ಮಾಡಬೇಕು? ಐದು ಶಬ್ದ ಸಾಕು. ಬಾ, ಕೂರು, ನಿಲ್ಲು, ಬಿಡು, ಗೂಡಿಗೆ. ಚೀಟಿಯಲ್ಲಿ ಬರೆದು ಜಗಲಿಯ ಗೋಡೆಗೆ ಅಂಟಿಸಿ, ಮನೆಗೆ ಬರುವ ಎಲ್ಲರೂ ಅದನ್ನೇ ಹೇಳಲಿ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ, ಊಟಕ್ಕೆ ಮೊದಲು.

ಮರಿ ಕೈ ಕಾಲು ಕಚ್ಚಿ ಗಾಯ ಮಾಡ್ತದೆ. ಮೂತಿಗೆ ಒಂದು ಕೊಟ್ಟರೆ ಸರಿಯಾಗ್ತದಾ?

ಆಗುವುದಿಲ್ಲ. ಕೈ ಬಂದರೆ ಪೆಟ್ಟು ಬರುತ್ತದೆ ಅಂತ ಕಲಿಯುತ್ತದೆ ಅಷ್ಟೇ. ಹಲ್ಲು ತಾಗಿದ ಕೂಡಲೇ ಆಟ ನಿಲ್ಲಿಸಿ ಎದ್ದು ಹೋಗಿ, ಬದಲಿಗೆ ಒದ್ದೆ ಬಟ್ಟೆಯ ಗಂಟೋ ರಬ್ಬರ್ ಆಟಿಕೆಯೋ ಕೊಡಿ. ಹಲ್ಲು ಬದಲಾಗಿ ಮುಗಿಯುವ ಆರೇಳು ತಿಂಗಳ ಹೊತ್ತಿಗೆ ತುಂಬ ಕಡಿಮೆಯಾಗುತ್ತದೆ. ಹೆಚ್ಚಿನ ಮರಿಗಳು ಸಂಜೆ ಹೊತ್ತು ಜಾಸ್ತಿ ಕಚ್ಚುವುದು ನಿದ್ದೆ ಸಾಲದೆ.

## ಬೆಳೆಯುವ ಹೊತ್ತು

ಹಗಲಿಡೀ ಕಟ್ಟಿಹಾಕಿ ರಾತ್ರಿ ಬಿಟ್ಟರೆ ಜೋರಾಗ್ತದೆ ಅಂತಾರೆ, ಹೌದಾ?

ಜೋರಾಗುತ್ತದೆ, ನಿಮ್ಮ ಮೇಲೂ. ಕಟ್ಟಿದ ನಾಯಿಗೆ ಹೆದರಿಕೆ ಆದಾಗ ದೂರ ಹೋಗುವ ದಾರಿ ಇಲ್ಲ. ಉಳಿದದ್ದು ಹಲ್ಲು ಮಾತ್ರ. ದಿನಾ ಗೇಟಿನ ಆಚೆ ಹೋಗುವ ಶಾಲೆ ಮಕ್ಕಳನ್ನು ನೋಡಿ ನೋಡಿ ಸರಪಳಿಗೆ ಹಾರಿ ಹಾರಿ ಅದರ ಸಿಟ್ಟು ಗಟ್ಟಿಯಾಗುತ್ತದೆ. ಒಂದು ದಿನ ಕೊಕ್ಕೆ ತುಂಡಾಗುತ್ತದೆ.

ಕಾನೂನೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಯಾವಾಗಲೂ ಕಟ್ಟಿಹಾಕುವ ನಾಯಿಯನ್ನು ನಡೆದಾಡಿಸದೆ ಬಿಡುವುದು ತಪ್ಪು. ಕಟ್ಟುವ ಬದಲು ಗೂಡು ಕಟ್ಟಿ. ಗಾಳಿ ಬರುವ, ನೆಲದಿಂದ ಎತ್ತರದ ಮರದ ಹಲಗೆ ಇರುವ, ಅದು ಎದ್ದು ಮೈಮುರಿಯುವಷ್ಟು ದೊಡ್ಡ ಗೂಡು. ಕೆಲಸದವರು ಬರುವ ಹೊತ್ತಿಗೆ ಅಲ್ಲಿರಲಿ, ಉಳಿದ ಹೊತ್ತು ನಿಮ್ಮ ಜೊತೆ. ಮನೆಯವರ ಜೊತೆ ಬದುಕದ ನಾಯಿ ಮನೆಯವರನ್ನು ಯಾಕೆ ಕಾಯಬೇಕು ಹೇಳಿ?

ಹಗ್ಗ ಹಿಡಿದರೆ ನನ್ನನ್ನೇ ಎಳೆದುಕೊಂಡು ಹೋಗ್ತದೆ.

ನಲವತ್ತು ಕಿಲೋ ಆದ ಮೇಲೆ ಬಲದಲ್ಲಿ ಗೆಲ್ಲಲು ಆಗುವುದಿಲ್ಲ. ಹತ್ತು ಕಿಲೋ ಇರುವಾಗಲೇ ಕಲಿಸಬೇಕಿತ್ತು, ಆದರೂ ಈಗಲೂ ಆಗುತ್ತದೆ. ಹಗ್ಗ ಬಿಗಿಯಾದರೆ ನೀವು ಮರದ ಹಾಗೆ ನಿಲ್ಲಿ. ಸಡಿಲವಾದ ಕೂಡಲೇ ನಡೆಯಿರಿ. ಮೊದಲ ದಿನಗಳಲ್ಲಿ ಗೇಟಿನಿಂದ ಮೂಲೆಯ ತೆಂಗಿನ ಮರಕ್ಕೆ ಹೋಗುವಷ್ಟರಲ್ಲಿ ಹೊತ್ತು ಹೋಗುತ್ತದೆ, ಹೋಗಲಿ. ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ ಸಹಾಯ ಮಾಡುತ್ತದೆ. ಮುಳ್ಳಿನ ಬೆಲ್ಟ್ ಬೇಡ. ಎದುರಿಗೆ ಮಗು ಬಂದಾಗಲೇ ಕುತ್ತಿಗೆಗೆ ಚುಚ್ಚಿದರೆ ಮಗುವಿನಿಂದಲೇ ನೋವು ಅಂತ ಅದು ಲೆಕ್ಕ ಹಾಕುತ್ತದೆ.

ಅನ್ನ ಇಟ್ಟಾಗ ಹತ್ತಿರ ಹೋದರೆ ಗುರ್ ಅನ್ನುತ್ತದೆ. ಬಡಿದು ಬುದ್ಧಿ ಕಲಿಸಬೇಕಾ?

ಗುರ್ ಅನ್ನುವುದು ಎಚ್ಚರಿಕೆ. ಅದಕ್ಕೆ ಬಡಿದರೆ ಎಚ್ಚರಿಕೆ ನಿಲ್ಲುತ್ತದೆ, ಭಯ ಉಳಿಯುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ನೀವು ಹತ್ತಿರ ಬಂದರೆ ತಟ್ಟೆ ಹೋಗುವುದಿಲ್ಲ, ಬದಲಿಗೆ ಇನ್ನೂ ಒಳ್ಳೆಯದು ಬೀಳುತ್ತದೆ ಅಂತ ಅದಕ್ಕೆ ಗೊತ್ತಾಗಬೇಕು. ಅದು ತಲೆ ಎತ್ತದಷ್ಟು ದೂರದಿಂದ ಒಂದು ತುಂಡು ಮೊಟ್ಟೆ ಎಸೆದು ಹೋಗಿ. ದಿನ ಹೋದ ಹಾಗೆ ಹತ್ತಿರ ಬನ್ನಿ. ಬಾಯಲ್ಲಿ ಚಪ್ಪಲಿ ಹಿಡಿದಿದ್ದರೂ ಅದೇ ದಾರಿ, ಕಿತ್ತುಕೊಳ್ಳಬೇಡಿ, ಬದಲು ಕೊಟ್ಟು ತೆಗೆದುಕೊಳ್ಳಿ. ಈಗಾಗಲೇ ಒಮ್ಮೆ ಹಲ್ಲು ಹಾಕಿದ್ದರೆ ಸ್ವಂತ ಪ್ರಯೋಗ ಬೇಡ, ಗೊತ್ತಿದ್ದವರನ್ನು ಕರೆಸಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಗೂಡಿನೊಳಗೇ ಊಟ. ಎಷ್ಟೇ ಸಾಧು ನಾಯಿಯಾದರೂ ಮಗುವಿನ ಜೊತೆ ಒಂಟಿಯಾಗಿ ಬಿಡುವುದು ಬೇಡವೇ ಬೇಡ.

ಒಂದು ವರ್ಷದ ತನಕ ಚಿನ್ನದಂಥ ನಾಯಿ, ಈಗ ಕರೆದರೆ ತಿರುಗಿಯೂ ನೋಡುವುದಿಲ್ಲ.

ಹರೆಯ. ಎಂಟು ತಿಂಗಳಿನಿಂದ ಎರಡು ವರ್ಷದ ತನಕ ಹೀಗೆಯೇ. ಮರಿಗೆ ಕಲಿಸಿದ್ದನ್ನೇ ಮತ್ತೆ ಮೊದಲಿಂದ, ಉದ್ದ ಹಗ್ಗ ಕಟ್ಟಿಕೊಂಡು ಕಲಿಸಿ. ಬಾ ಅಂತ ಕರೆದು ಬಂದಾಗ ಬೈಯಬೇಡಿ, ಎಷ್ಟು ತಡವಾಗಿ ಬಂದರೂ ಸರಿ. ಈ ವಯಸ್ಸಿನಲ್ಲೇ ಜನ ಸೋತು ಕಟ್ಟಿಹಾಕಲು ಶುರು ಮಾಡುವುದು.

ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದರೆ ಕಾವಲು ಕಡಿಮೆಯಾಗ್ತದಾ? ಯಾವಾಗ ಮಾಡಿಸಬೇಕು?

ಕಾವಲು ಕಡಿಮೆಯಾಗುವುದಿಲ್ಲ, ತಿರುಗಾಟ ಕಡಿಮೆಯಾಗುತ್ತದೆ. ಅವಸರ ಮಾತ್ರ ಬೇಡ. ರಾಟ್‌ವೈಲರ್‌ನಲ್ಲಿ, ಅದರಲ್ಲೂ ಗಂಡಿನಲ್ಲಿ, ಒಂದು ವರ್ಷದ ಒಳಗೆ ಮಾಡಿಸಿದರೆ ಕೀಲಿನ ತೊಂದರೆ ಜಾಸ್ತಿ ಕಾಣುತ್ತದೆ. ಮೂಳೆ ಬೆಳೆದು ಮುಗಿಯಲಿ, ಒಂದೂವರೆ ವರ್ಷದ ಹೊತ್ತಿಗೆ ಡಾಕ್ಟರ ಹತ್ತಿರ ಮಾತಾಡಿ. ಹೆಣ್ಣಿಗೆ ಮಾಡಿಸದೆ ಬಿಟ್ಟರೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗದ ಅಪಾಯ ಉಂಟು, ಅದು ಜೀವಕ್ಕೇ ಕುತ್ತು.

## ನಮ್ಮ ಊರಿನದ್ದೇ ಆದ ತಾಪತ್ರಯಗಳು

ಮದ್ದು ಬಿಡುವಾಗ ನಾಯಿಯನ್ನು ತೋಟಕ್ಕೆ ಬಿಡಬಹುದಾ?

ಖಂಡಿತ ಬೇಡ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ಅಂದರೆ ಮೈಲುತುತ್ತು ಮತ್ತು ಸುಣ್ಣ. ಮೈಲುತುತ್ತು ಅಂದರೆ ತಾಮ್ರ. ಡ್ರಮ್ಮಿನ ತಳದಲ್ಲಿ ಉಳಿದ ನೀಲಿ ನೀರನ್ನು ಬಾಯಾರಿದ ನಾಯಿ ಕುಡಿಯುತ್ತದೆ, ಇಲ್ಲವೆಂದರೆ ಮೈಮೇಲೆ ಬಿದ್ದದ್ದನ್ನು ನೆಕ್ಕುತ್ತದೆ. ವಾಂತಿ, ಭೇದಿ, ಆಮೇಲೆ ಲಿವರಿಗೆ ಪೆಟ್ಟು. ಡ್ರಮ್ ತೊಳೆದು ಕವುಚಿ ಇಡಿ. ಇಲಿಪಾಷಾಣದ ವಿಷಯದಲ್ಲೂ ಅಷ್ಟೇ ಎಚ್ಚರ. ಕೆಲವು ಇಲಿಪಾಷಾಣ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ನಾಲ್ಕೈದು ದಿನ ಏನೂ ಕಾಣುವುದಿಲ್ಲ. ತಿಂದದ್ದು ನೋಡಿದರೆ ಪ್ಯಾಕೆಟ್ ಸಮೇತ ಡಾಕ್ಟರ ಹತ್ತಿರ ಓಡಿ, ವಿಟಮಿನ್ ಕೆ ಕೊಟ್ಟು ಉಳಿಸಬಹುದು. ಹಂದಿಗೆ ಇಡುವ ಉರುಳು, ಪಟಾಕಿ ಇನ್ನೊಂದು ಕಾಟ. ರಾತ್ರಿ ತೋಟಕ್ಕೆ ಬಿಡದಿರುವುದೊಂದೇ ದಾರಿ.

ಚಿರತೆ ಬಂದರೆ ರಾಟ್‌ವೈಲರ್ ಓಡಿಸ್ತದಾ?

ಇಲ್ಲ. ಚಿರತೆಗೆ ನಾಯಿ ಊಟ. ಮುಳಿಯಾರು, ಕಾರಡ್ಕ ಕಡೆ ಚಿರತೆಯ ಸುದ್ದಿ ಇರುವಾಗ ಅಂಗಳದಲ್ಲಿ ಕಟ್ಟಿಹಾಕಿದ ನಾಯಿ ಅಂದರೆ ಕರೆದು ಬಡಿಸಿದ ಹಾಗೆ. ಕತ್ತಲಾದ ಮೇಲೆ ಮನೆಯೊಳಗೆ, ಅಥವಾ ಮೇಲೂ ಮುಚ್ಚಿದ ಗಟ್ಟಿ ಕಬ್ಬಿಣದ ಗೂಡಿನಲ್ಲಿ.

ಮಳೆಗಾಲದಲ್ಲಿ ಮೈಯೆಲ್ಲ ಹುಣ್ಣು, ವಾಸನೆ. ಎಂತ ಮಾಡುವುದು?

ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ ನಮ್ಮದು, ನಾಯಿ ಒಣಗುವುದೇ ಇಲ್ಲ. ಸ್ನಾನ ಕಡಿಮೆ ಮಾಡಿಸಿ, ಒರೆಸುವುದು ಜಾಸ್ತಿ ಮಾಡಿ. ಕಾಲ್ಬೆರಳ ಸಂದು, ಕಿವಿ, ಬಾಲದ ಬುಡ ಒಣಗಿರಬೇಕು. ಸಿಮೆಂಟ್ ನೆಲದಲ್ಲಿ ಮಲಗಿದರೆ ಮೊಣಕೈ ದಡ್ಡುಗಟ್ಟಿ ನೀರು ತುಂಬುತ್ತದೆ, ಹಲಗೆ ಅಥವಾ ದಪ್ಪ ರಬ್ಬರ್ ಹಾಸಿ.

ಉಣ್ಣಿ ವರ್ಷವಿಡೀ ಇರುತ್ತದೆ. ಕೈಯಲ್ಲಿ ಹೆಕ್ಕಿ ಮುಗಿಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ಮಾತ್ರೆ ಬಂದಿದೆ, ಅಪಸ್ಮಾರ ಇರುವ ನಾಯಿಯಾದರೆ ಡಾಕ್ಟರಿಗೆ ಮೊದಲೇ ಹೇಳಿ. ಜ್ವರ, ಊಟ ಬೇಡ, ಒಸಡು ಬಿಳಿಚಿದೆ, ಮೂಗಿನಲ್ಲಿ ರಕ್ತ, ಮೂತ್ರ ಕಪ್ಪುಚಹಾ ಬಣ್ಣ. ಇವು ಉಣ್ಣಿಯಿಂದ ಬರುವ ಜ್ವರದ ಗುರುತುಗಳು, ಒಂದು ಕಂಡರೂ ಅದೇ ದಿನ ರಕ್ತ ಪರೀಕ್ಷೆ.

ಬೇಸಿಗೆಯಲ್ಲಿ ವಾಕಿಂಗ್ ಎಷ್ಟು ಹೊತ್ತಿಗೆ?

ಬೆಳಿಗ್ಗೆ ಏಳರ ಒಳಗೆ, ಸಂಜೆ ನೆಲ ತಣಿದ ಮೇಲೆ. ಅಂಗೈ ರಸ್ತೆಗೆ ಇಟ್ಟು ಐದು ಸೆಕೆಂಡ್ ತಡೆಯಲು ಆಗದಿದ್ದರೆ ಅದರ ಕಾಲಿಗೂ ಆಗುವುದಿಲ್ಲ. ಏದುಸಿರು ನಿಲ್ಲದೆ, ನಾಲಿಗೆ ಕಡುಕೆಂಪಾಗಿ, ತೂರಾಡಿದರೆ ಅದು ಶಾಖಾಘಾತ. ಮೊದಲು ಮೈಗೆ ನೀರು ಸುರಿದು ಫ್ಯಾನ್ ಹಾಕಿ, ಆಮೇಲೆ ಗಾಡಿ ಹತ್ತಿಸಿ.

ಭೂತಕೋಲದ ಕದಿನ (ಸಿಡಿಮದ್ದು) ಶಬ್ದಕ್ಕೆ ಹುಚ್ಚು ಹಿಡಿದ ಹಾಗೆ ಮಾಡ್ತದೆ.

ತಾರೀಕು ಮೊದಲೇ ಗೊತ್ತಿರುತ್ತದಲ್ಲ, ಹಾಗಾಗಿ ತಯಾರಿ ಮಾಡಬಹುದು. ಸಂಜೆ ಚೆನ್ನಾಗಿ ನಡೆದಾಡಿಸಿ, ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಫ್ಯಾನ್, ರೇಡಿಯೋ ಹಾಕಿ, ನೀವೂ ಕೂತುಕೊಳ್ಳಿ. ಸಮಾಧಾನ ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಅನ್ನುವುದು ಸುಳ್ಳು. ತುಂಬ ಹೆದರುವ ನಾಯಿಗೆ ಮದ್ದು ಇದೆ, ಒಂದು ವಾರ ಮೊದಲೇ ಕೇಳಿ.

## ಕಾವಲು, ಮತ್ತು ಕೈ ಮೀರಿದಾಗ

ಅಟ್ಯಾಕ್ ಟ್ರೈನಿಂಗ್‌ಗೆ ಕಳಿಸಬೇಕಾ? ಎರಡು ತಿಂಗಳು ಅಲ್ಲೇ ಬಿಟ್ಟರೆ ಕಲಿಸಿ ಕೊಡ್ತಾರಂತೆ.

ಬೇಡ. ಕಚ್ಚು ಅಂದಾಗ ಕಚ್ಚುವುದನ್ನು ಕಲಿಸುವುದು ಸುಲಭ. ಬಿಡು ಅಂದಾಗ ಬಿಡುವುದನ್ನು ಕಲಿಸಿ, ಅದನ್ನು ನಾಯಿಯ ಆಯಸ್ಸಿಡೀ ವಾರ ವಾರ ಅಭ್ಯಾಸ ಮಾಡಿಸುವುದು ಕಷ್ಟ. ಪೊಲೀಸ್ ನಾಯಿಗೆ ಹ್ಯಾಂಡ್ಲರ್ ದಿನವಿಡೀ ಜೊತೆಗಿರುತ್ತಾನೆ, ನೀವು ಇರುವುದಿಲ್ಲ. ನಿಮ್ಮ ಕಣ್ಣ ಮುಂದೆ ನಡೆಯದ ತರಬೇತಿಯಲ್ಲಿ ಏನು ನಡೆಯಿತು ಅಂತಲೂ ತಿಳಿಯುವುದಿಲ್ಲ. ಐವತ್ತು ಕಿಲೋದ ಕಪ್ಪು ನಾಯಿ ಅಂಗಳದಲ್ಲಿ ಎದ್ದು ನಿಂತು ದಪ್ಪ ಸ್ವರದಲ್ಲಿ ಎರಡು ಸಲ ಬೊಗಳಿದರೆ ಸಾಕು, ಯಾವ ಕಳ್ಳನೂ ಅದರ ಸರ್ಟಿಫಿಕೇಟ್ ಕೇಳುವುದಿಲ್ಲ.

ಗೇಟಿಗೆ ಯಾರು ಬಂದರೂ ನಿಲ್ಲಿಸದೆ ಬೊಗಳುತ್ತದೆ. ರಾತ್ರಿ ಹಂದಿ ಬಂದರೂ ಅಷ್ಟೇ, ನಿದ್ದೆ ಇಲ್ಲ.

ಬೊಗಳುವುದು ಅದರ ಕೆಲಸ. ನೀವು ಬಂದು ನೋಡಿದ ಮೇಲೆ ನಿಲ್ಲಿಸುವುದು ಕಲಿಯಬೇಕಾದದ್ದು. ಒಳಗಿಂದ ಕೂಗಿ ಬೈದರೆ ನೀವೂ ಜೊತೆಗೆ ಬೊಗಳುತ್ತಿದ್ದೀರಿ ಅಂತ ತಿಳಿಯುತ್ತದೆ. ಎದ್ದು ಬನ್ನಿ, ಗೇಟಿನ ಕಡೆ ಒಮ್ಮೆ ನೋಡಿ, ಸಾಕು ಅನ್ನಿ, ಗೂಡಿಗೆ ಅನ್ನಿ, ಹೋದಾಗ ತಿಂಡಿ ಕೊಡಿ. ನಂತರವೇ ಬಂದವರಿಗೆ ಗೇಟು ತೆರೆಯುವುದು. ಇದನ್ನು ಮೊದಲು ಮನೆಯವರನ್ನೇ ಗೇಟಿನಾಚೆ ನಿಲ್ಲಿಸಿ ಅಭ್ಯಾಸ ಮಾಡಿ, ನಿಜವಾದ ಅತಿಥಿ ಬಂದ ದಿನ ಶುರು ಮಾಡಿದರೆ ಆಗುವುದಿಲ್ಲ.

ಗೇಟು ನೇರ ರಸ್ತೆಗಿದ್ದರೆ ಕೆಳಗಿನ ಅರ್ಧಕ್ಕೆ ತಗಡು ಹೊಡೆಸಿ. ಕಾಣದಿದ್ದರೆ ಬೊಗಳುವುದು ಅರ್ಧ ಇಳಿಯುತ್ತದೆ. ಹಂದಿಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ, ನಾಯಿ ಒಳಗೆ ಮಲಗಿದರೆ ನಿಮಗೂ ಅದಕ್ಕೂ ನಿದ್ದೆ.

ನಮ್ಮ ನಾಯಿ ಅಡಿಕೆ ಕೊಯ್ಯಲು ಬಂದವರಿಗೆ ಕಚ್ಚಿತು. ಲಸಿಕೆ ಆಗಿದೆ. ಎಂತ ಮಾಡಬೇಕು?

ಮೊದಲು ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಬೇಡ. ಅದೇ ದಿನ ಆಸ್ಪತ್ರೆಗೆ, ನೀವೇ ಕರೆದುಕೊಂಡು ಹೋಗಿ, ಖರ್ಚು ನಿಮ್ಮದೇ. ನಾಯಿಗೆ ಲಸಿಕೆ ಆಗಿದೆ ಅಂತ ಅವರ ಚುಚ್ಚುಮದ್ದು ತಪ್ಪಿಸುವ ತೀರ್ಮಾನ ನೀವು ಮಾಡಬೇಡಿ, ಡಾಕ್ಟರ್ ಮಾಡಲಿ. ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿ ಇಡಿ. ಸಾಕುಪ್ರಾಣಿಯ ಬಗ್ಗೆ ಅಜಾಗರೂಕತೆ ತೋರಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳ ತನಕ ಜೈಲು, ಇಲ್ಲವೆಂದರೆ 5000 ರೂಪಾಯಿ ತನಕ ದಂಡ, ಎರಡೂ ಆಗಬಹುದು.

ಇಷ್ಟಾದ ಮೇಲೆ ಬಾಯಿಕುಕ್ಕೆ ಅಭ್ಯಾಸ ಮಾಡಿಸಿ. ಬಾಯಿ ತೆರೆದು ಏದುಸಿರು ಬಿಡಲು ಆಗುವ ಬುಟ್ಟಿಯಂಥದ್ದು. ಒಳಗೆ ತಿಂಡಿ ಇಟ್ಟು ತಾನಾಗಿ ಮೂತಿ ಹಾಕುವ ಹಾಗೆ ಕಲಿಸಿ. ಕಚ್ಚದ ನಾಯಿಗೂ ಇದು ಗೊತ್ತಿರಬೇಕು, ಆಸ್ಪತ್ರೆಯಲ್ಲಿ ಬೇಕಾಗುತ್ತದೆ.

ಊಟ ಮಾಡಿ ಆಟ ಆಡಿತು, ಈಗ ಹೊಟ್ಟೆ ಉಬ್ಬಿದೆ, ವಾಂತಿ ಬರುವ ಹಾಗೆ ಮಾಡಿದರೂ ಏನೂ ಬರುವುದಿಲ್ಲ. ಜೀರಿಗೆ ನೀರು ಕೊಡಬಹುದಾ?

ಏನೂ ಕೊಡಬೇಡಿ, ಗಾಡಿ ತೆಗೆಯಿರಿ. ಇದು ಹೊಟ್ಟೆ ತಿರುಚಿಕೊಳ್ಳುವ ತೊಂದರೆ. ಆಳ ಎದೆಯ ದೊಡ್ಡ ನಾಯಿಗಳಲ್ಲಿ ಬರುತ್ತದೆ, ಗ್ರೇಟ್ ಡೇನ್‌ನಲ್ಲಿ ಅತಿ ಜಾಸ್ತಿ. ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗುತ್ತದೆ, ಆಪರೇಷನ್ ಒಂದೇ ಪರಿಹಾರ. ಅಂಥ ಆಪರೇಷನ್ ರಾತ್ರಿ ಹೊತ್ತು ಎಲ್ಲಿ ಮಾಡುತ್ತಾರೆ ಅಂತ ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ. ನಮ್ಮ ಕಡೆಯ ಹೆಚ್ಚಿನವರಿಗೆ ಅದು ಮಂಗಳೂರು ಆಗಬಹುದು, ದಾರಿಯ ಹೊತ್ತನ್ನೂ ಲೆಕ್ಕ ಹಾಕಿ. ದಿನದ ಊಟವನ್ನು ಎರಡು ಮೂರು ಪಾಲು ಮಾಡುವುದು, ಗಬಗಬ ತಿನ್ನಲು ಬಿಡದಿರುವುದು, ಊಟದ ಮೇಲೆ ಒಂದೆರಡು ಗಂಟೆ ಓಡಿಸದಿರುವುದು ಒಳ್ಳೆಯ ಅಭ್ಯಾಸ.

ನಮ್ಮ ನಾಯಿಗೆ ಎಂಟು ವರ್ಷ ಆಯ್ತು. ಅದು ಇರುವಾಗಲೇ ಇನ್ನೊಂದು ಮರಿ ತಂದರೆ ಅದನ್ನು ನೋಡಿ ಕಲಿಯುತ್ತದಾ?

ರಾಟ್‌ವೈಲರ್ ಆಯಸ್ಸು ಸಾಮಾನ್ಯವಾಗಿ ಒಂಬತ್ತು ಹತ್ತು ವರ್ಷ, ಹಾಗಾಗಿ ಯೋಚನೆ ಸರಿಯೇ. ಆದರೆ ಮೊದಲು ಹಳೆಯದರ ಆರೋಗ್ಯ ನೋಡಿ. ಒಂದು ಕಾಲು ಕುಂಟುತ್ತಿದ್ದರೆ ವಾತ ಅಂತ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಎಕ್ಸ್‌ರೇ ತೆಗೆಸಿ. ಈ ಜಾತಿಯಲ್ಲಿ ಮೂಳೆ ಕ್ಯಾನ್ಸರ್ ಸಾಮಾನ್ಯ.

ಮರಿ ಹಳೆಯದನ್ನು ನೋಡಿ ಕಲಿಯುತ್ತದೆ, ಗೇಟಿಗೆ ಓಡಿ ಬೊಗಳುವುದನ್ನು ಮೊದಲು ಕಲಿಯುತ್ತದೆ. ಬಾ, ಬಿಡು ಎಲ್ಲ ನೀವೇ ಬೇರೆಯಾಗಿ ಕಲಿಸಬೇಕು. ಹಳೆಯದು ಗಂಡಾದರೆ ಹೆಣ್ಣು ಮರಿ ತನ್ನಿ, ಹಳೆಯದು ಹೆಣ್ಣಾದರೆ ಗಂಡು. ಒಂದೇ ಲಿಂಗದ ಎರಡು ದೊಡ್ಡ ನಾಯಿಗಳ ಜಗಳ ಬಿಡಿಸಲು ಹೋಗಿ ಕೈ ಕಳೆದುಕೊಂಡವರಿದ್ದಾರೆ. ಊಟ ಬೇರೆ ಬೇರೆ ಜಾಗದಲ್ಲಿ. ಹಳೆಯದಕ್ಕೆ ಮರಿಯ ಕಾಟ ತಪ್ಪಿಸಿಕೊಂಡು ಮಲಗಲು ಒಂದು ಮೂಲೆ ಇರಲಿ, ಗೂಡು ಇನ್ನೊಂದು ಕಟ್ಟಿದ ಮೇಲೆಯೇ ಮರಿ ತರಲು ಹೊರಡಿ.